ಪಿಸ್ಟನ್ನಿಗೆ ಕಾಡಿಗೆ

ಓಡದ ಇಂಜಿನ್ನಿಗೆ ಕಾರ್ಬನ್ ಎಲ್ಲಿಂದ ಬರಬೇಕು? ಇದನ್ನು ಕೇಳಲು ಇಂಜಿನಿಯರಿಂಗ್ ಓದಿರಬೇಕಾಗಿಲ್ಲ. ಒಲೆ ಹಚ್ಚದ ಮನೆಯಲ್ಲಿ ಮಸಿ ಇರುವುದಿಲ್ಲ ಎಂಬಷ್ಟು ಸರಳವಾದ ಮಾತು. ಆದರೂ ಮಂಡ್ಯದ ಹೊರವಲಯದ ಆ ಖಾಸಗಿ ಐಟಿಐನಲ್ಲಿ ಎಂಟು ವರ್ಷ ಇದನ್ನು ಯಾರೂ ಕೇಳಲಿಲ್ಲ. ಮೇಷ್ಟ್ರು ಕೇಳಲಿಲ್ಲ, ಸೂಪರಿಂಟೆಂಡೆಂಟ್ ಕೇಳಲಿಲ್ಲ. ವರ್ಷಕ್ಕೊಮ್ಮೆ ಹೊರಗಿನಿಂದ ಬಂದು, ಬೋಂಡಾ ತಿಂದು, ಮಾರ್ಕ್ಸ್ ಹಾಕಿ ಹೋಗುತ್ತಿದ್ದ ಪರೀಕ್ಷಕರಂತೂ ಕೇಳುವ ಗೋಜಿಗೇ ಹೋಗಲಿಲ್ಲ. ಉತ್ತರ ಚೆನ್ನಾಗಿ ಗೊತ್ತಿದ್ದವನು ಅಟೆಂಡರ್ ಮಾದಯ್ಯ. ಏಕೆಂದರೆ ಆ ಇಂಜಿನ್ನಿಗೆ ಕಾರ್ಬನ್ ಬರುತ್ತಿದ್ದದ್ದು ಅವನ ಮನೆಯ ಬಚ್ಚಲಿನಿಂದ.

ಮಾದಯ್ಯ ದುದ್ದದವನು. ವಯಸ್ಸು ಐವತ್ತೆಂಟು. ಹದಿನಾರನೇ ವಯಸ್ಸಿಗೇ ಊರಾಚೆಯ ಆಲೆಮನೆಯಲ್ಲಿ ಕಬ್ಬಿನ ಗಾಣ ತಿರುಗಿಸುವ ಇಂಜಿನ್ ಅವನ ಸುಪರ್ದಿಗೆ ಬಂದಿತ್ತು. ಒಂದು ಕಡೆ ಬೆಲ್ಲದ ಕೊಪ್ಪರಿಗೆ, ಇನ್ನೊಂದು ಕಡೆ ಇಂಜಿನ್. ನೋಡಿಕೊಳ್ಳದಿದ್ದರೆ ಎರಡರದೂ ತಳ ಹಿಡಿಯುತ್ತದೆ ಎಂಬುದು ಅವನಿಗೆ ತಿಳಿದದ್ದು ಅಲ್ಲೇ. ಇಂಜಿನ್ನಿನೊಳಗೆ ಎಣ್ಣೆ ಪೂರ್ತಿ ಉರಿಯದೆ ಪಿಸ್ಟನ್ನಿನ ನೆತ್ತಿಯ ಮೇಲೆ, ಅದರ ಮೇಲಿನ ಮುಚ್ಚಳವಾದ ಹೆಡ್ಡಿನ ಒಳಗೆ, ಹೊಗೆ ಹೊರಹೋಗುವ ಕಿಂಡಿಯ ಸುತ್ತ ಕಪ್ಪಗೆ ಕಟ್ಟಿಕೊಳ್ಳುವುದೇ ಕಾರ್ಬನ್. ಅದು ಅಡಿ ಹತ್ತಿದ ಪಾತ್ರೆಯ ಸೀಕಿನ ಹಾಗೆ ಕಚ್ಚಿಕೊಂಡಿರುತ್ತದೆ. ಒರೆಸಿದರೆ ಜಪ್ಪಯ್ಯ ಎಂದರೂ ಬರುವುದಿಲ್ಲ. ಬಿಟ್ಟರೆ ಕಿಂಡಿ ಕಟ್ಟಿ ಇಂಜಿನ್ ಏದುಸಿರು ಬಿಡುತ್ತದೆ, ಕಾಯುತ್ತದೆ, ಕೊನೆಗೊಂದು ದಿನ ಜಾಮ್ ಆಗಿ ನಿಲ್ಲುತ್ತದೆ. ಹಾಗೆಂದು ಕಬ್ಬಿಣದ ಉಳಿ ಹಾಕಿ ಕೆರೆದರೆ ಪಿಸ್ಟನ್ನಿಗೆ ಗೀರು ಬೀಳುತ್ತದೆ. ಮಾದಯ್ಯ ಬಿದಿರಿನ ಚಕ್ಕೆ ಸೀಳಿ ಮೊನೆ ಮಾಡಿಕೊಳ್ಳುತ್ತಿದ್ದ. ಹೆಡ್ಡನ್ನು ಸೀಮೆಎಣ್ಣೆಯಲ್ಲಿ ನೆನೆಹಾಕಿ, ಪಿಸ್ಟನ್ನನ್ನು ಪೂರ್ತಿ ಮೇಲಕ್ಕೆ ತಂದು, ಉದುರಿದ ಚೂರು ಕೆಳಗಿಳಿಯದಂತೆ ಅಂಚಿನ ಸುತ್ತ ಗ್ರೀಸು ಬಳಿದು, ಒಂದೊಂದೇ ಪದರವಾಗಿ ಎಬ್ಬಿಸುತ್ತಿದ್ದ. ಅವಸರ ಮಾಡಿದ ದಿನ ಅವನಿಗೆ ಆಲೆಮನೆಯ ಯಜಮಾನನಿಂದ ಬೈಗುಳ ಸಿಕ್ಕಿದ್ದೂ ಉಂಟು.

ಆಲೆಮನೆ ಮುಚ್ಚಿದ ಮೇಲೆ ಐಟಿಐ ಸೇರಿದ. ಸೇರಿಸಿಕೊಂಡದ್ದು ಇಂಜಿನ್ ಎತ್ತಿ ಇಳಿಸಲು, ಬಾಗಿಲು ತೆಗೆದು ಹಾಕಲು, ಟೀ ತರಲು. ಆಗಿದ್ದ ಹಳೆಯ ಮೇಷ್ಟ್ರು ಒಳ್ಳೆಯವರು. ಪಂಪ್‌ಸೆಟ್ಟಿಗೆ ಕಟ್ಟುವಂಥ ಸಣ್ಣ ಪೆಟ್ರೋಲ್ ಇಂಜಿನ್ನೊಂದು ವರಾಂಡದಲ್ಲಿತ್ತು. ವಾರಕ್ಕೆರಡು ಸಲ ಅದನ್ನು ಓಡಿಸುತ್ತಿದ್ದರು. ಕಾರ್ಬನ್ ತೆಗೆಯುವ ಪಾಠ ಬಂದಾಗ ತಾವು ಪಕ್ಕಕ್ಕೆ ಸರಿದು, "ಮಾದಯ್ಯ, ನೀವು ತೋರಿಸಿ" ಎನ್ನುತ್ತಿದ್ದರು. ಅವರು ನಿವೃತ್ತರಾದರು. ಅದೇ ವರ್ಷ ಹೊಸ ಕಟ್ಟಡವೂ ಆಯಿತು. ಇಂಜಿನ್ ಮಹಡಿ ಹತ್ತಿತು, ಪಕ್ಕದ ಕೋಣೆಗೆ ಕಂಪ್ಯೂಟರುಗಳು ಬಂದವು, ಕೆಳಗೆ ಆಫೀಸು. ಒಂದು ದಿನ ಇಂಜಿನ್ ಸ್ಟಾರ್ಟ್ ಮಾಡಿದ್ದಕ್ಕೆ ಹೊಗೆ ಆಫೀಸಿಗೆ ಬಂತೆಂದು ಸೂಪರಿಂಟೆಂಡೆಂಟ್ ಮೂಗಿಗೆ ಕರವಸ್ತ್ರ ಹಿಡಿದುಕೊಂಡೇ ಮಹಡಿಗೆ ಬಂದು, ಇನ್ನು ಮೇಲೆ ಇದನ್ನು ಯಾರೂ ಸ್ಟಾರ್ಟ್ ಮಾಡಕೂಡದು ಎಂದು ಅಪ್ಪಣೆ ಕೊಟ್ಟರು. ಇಂಜಿನ್ ಕಲಿಸುವ ಶಾಲೆಯಲ್ಲಿ ಇಂಜಿನ್ ಹೊಗೆ ಬಿಡಬಾರದಂತೆ. ಸಂಗೀತದ ಶಾಲೆಯಲ್ಲಿ ಯಾರೂ ಬಾಯಿ ಬಿಡಬಾರದು ಎಂದ ಹಾಗಾಯಿತು. ಅದನ್ನು ಕೇಳಿ ಮಾದಯ್ಯನಿಗೆ ಮೈ ಉರಿಯಿತು. ಆದರೆ ಅಟೆಂಡರನ ಮೈ ಉರಿದರೆ ಯಾರಿಗೇನು?

ಮುಂದಿನ ಪರೀಕ್ಷೆ ಬಂತು. ಪ್ರಾಕ್ಟಿಕಲ್ ಪ್ರಶ್ನೆಗಳಲ್ಲಿ ಒಂದು ಖಾಯಂ: 'ಸಿಲಿಂಡರ್ ಹೆಡ್ ಬಿಚ್ಚಿ ಕಾರ್ಬನ್ ತೆಗೆದು ಪುನಃ ಜೋಡಿಸುವುದು'. ಹೊಸದಾಗಿ ಬಂದಿದ್ದ ಮೇಷ್ಟ್ರು ಶ್ರೀಕರ ಹಿಂದಿನ ದಿನ ಹೆಡ್ ಬಿಚ್ಚಿಸಿ ನೋಡಿದರೆ ಪಿಸ್ಟನ್ ಬೆಳ್ಳಿ ಲೋಟದ ಹಾಗೆ ಹೊಳೆಯುತ್ತಿದೆ. ತೆಗೆಯಲು ಏನೂ ಇಲ್ಲ. ಶ್ರೀಕರ ಮಂಡ್ಯದ ಹುಡುಗ, ಅರ್ಚಕರ ಮನೆತನ, ವರ್ಷ ವರ್ಷ ನವೀಕರಣವಾಗುವ ಗುತ್ತಿಗೆ ನೌಕರಿ. ಅವನ ಮುಖ ಬೆಳ್ಳಗಾಯಿತು.

"ಮಾದಯ್ಯ, ಏನಾದ್ರೂ ಮಾಡಿ. ನಾಳೆ ಇವರು ಏನು ತೆಗೀಬೇಕು?"

ಮಾಡಬಾರದ್ದನ್ನು ಮಾದಯ್ಯ ಮಾಡಿದ್ದು ಆಗ. ಮನೆಯಲ್ಲಿ ಅವನ ಹೆಂಡತಿ ಚಿಕ್ಕಬೋರಮ್ಮ ಮೊಮ್ಮಗುವಿಗೆಂದು ಕಾಡಿಗೆ ಮಾಡುತ್ತಿದ್ದಳು, ಹರಳೆಣ್ಣೆ ದೀಪದ ಮೇಲೆ ತಟ್ಟೆ ಕವುಚಿ. ನೋಡುತ್ತಾ ನಿಂತವನಿಗೆ ಹೊಳೆಯಿತು. ಬಚ್ಚಲಿನ ಹಂಡೆಯ ತಳದಿಂದ ಒಂದು ಹಿಡಿ ಮಸಿ ಕೆರೆದು, ಹರಳೆಣ್ಣೆಯಲ್ಲಿ ಕಲಸಿ, ಡಬ್ಬಿಯಲ್ಲಿ ತಂದು ಪಿಸ್ಟನ್ನಿನ ನೆತ್ತಿಗೆ ಬೆರಳಿನಿಂದ ಸವರಿದ. ಒಣಗಿದ ಮೇಲೆ ನೋಡಲು ಥೇಟ್ ಕಾರ್ಬನ್. ಮಾರನೇ ದಿನ ಹುಡುಗರು ಸೀಮೆಎಣ್ಣೆ ಬಟ್ಟೆಯಲ್ಲಿ ಒಂದು ಸುತ್ತು ಒರೆಸಿದರು, ಪಿಸ್ಟನ್ ಮತ್ತೆ ಬೆಳ್ಳಗೆ ಹೊಳೆಯಿತು. ಪರೀಕ್ಷಕರು "ವೆರಿ ಗುಡ್" ಅಂದರು. ಶ್ರೀಕರ ತನ್ನ ಕೈಯಿಂದಲೇ ಮಾದಯ್ಯನಿಗೆ ಟೀ ಕೊಡಿಸಿದ. ಆವತ್ತು ಮಾದಯ್ಯನಿಗೆ ಹೆಮ್ಮೆಯೇ ಆಗಿತ್ತು. ಇದನ್ನು ಮುಚ್ಚಿಟ್ಟು ಅವನ ಕಥೆ ಹೇಳಿದರೆ ಪಿಸ್ಟನ್ನಿಗೆ ಮಸಿ ಬಳಿದ ಹಾಗೆಯೇ ಆದೀತು.

ಎರಡನೇ ವರ್ಷ ಹೊಳಪು ಬರಲೆಂದು ಒಂದಿಷ್ಟು ಬೆಲ್ಲದ ಪಾಕ ಬೆರೆಸಿದ. ಬೆಳಗಾಗುವಷ್ಟರಲ್ಲಿ ಪಿಸ್ಟನ್ನಿಗೆ ಇರುವೆ ಮುತ್ತಿ, ಪರೀಕ್ಷಕರು ಬರುವ ಮುಂಚೆ ಅವನ್ನು ಊದಿ ಓಡಿಸಿದ್ದಾಯಿತು. ಮೂರನೇ ವರ್ಷದಿಂದ ಬೆಲ್ಲ ಬಿಟ್ಟ. ಐದನೇ ವರ್ಷದ ಹೊತ್ತಿಗೆ ಇದು ಕಾಲೇಜಿನ ಪದ್ಧತಿಯೇ ಆಗಿಹೋಗಿತ್ತು. ಪರೀಕ್ಷೆಗೆ ಎರಡು ದಿನ ಇದೆ ಎನ್ನುವಾಗ ಶ್ರೀಕರ ಮೆಟ್ಟಿಲ ಬಳಿ ನಿಂತು "ಮಾದಯ್ಯ, ಕಾಡಿಗೆ" ಅನ್ನುತ್ತಿದ್ದ. ಅಷ್ಟೇ ಸಾಕಿತ್ತು.

ಹೆಮ್ಮೆ ಎಂಟು ವರ್ಷ ಉಳಿಯಲಿಲ್ಲ, ಸದ್ಯ. ಒಮ್ಮೆ ತರಗತಿಯಲ್ಲಿ ಶ್ರೀಕರ ಕಾರ್ಬನ್ ತೆಗೆಯುವ ಬಗೆ ಬೋರ್ಡಿನ ಮೇಲೆ ಬರೆಸುತ್ತಿದ್ದಾಗ ಮಾದಯ್ಯ ತಡೆಯಲಾರದೆ ಬಾಗಿಲಲ್ಲಿ ನಿಂತು, "ಸಾ, ಬಿದ್ರು ಚಕ್ಕೇಲಿ ಕೆರೀಬೇಕು, ನಿಜವಾದ್ದು ಒರುಸುದ್ರೆ ಬರಕಿಲ್ಲ, ನಾನೊಂದ್ ತೋರುಸ್ಲಾ" ಎಂದ. ಹುಡುಗರು ಕಿಸಕ್ಕನೆ ನಕ್ಕರು. ಶ್ರೀಕರನ ಕಿವಿ ಕೆಂಪಾಯಿತು. "ನಿಮ್ಮ ಕೆಲಸ ನೀವು ನೋಡ್ಕೊಳ್ಳಿ ಮಾದಯ್ಯ" ಎಂದ. ಮಾದಯ್ಯ ಹೋಗಿ ತನ್ನ ಕೆಲಸ ನೋಡಿಕೊಂಡ. ಮೂರು ಸಲ ಸೂಪರಿಂಟೆಂಡೆಂಟರ ಬಾಗಿಲಿಗೂ ಹೋಗಿ, ಇಂಜಿನ್ ಕೆಳಗಿಳಿಸಿ ಹಿತ್ತಲಲ್ಲಿ ಓಡಿಸೋಣ ಅಂತ ಕೇಳಿದ್ದ. ಮೂರು ಸಲವೂ ನೋಡೋಣ ಅಂದರು, ನೋಡಲಿಲ್ಲ. ಇಷ್ಟೆಲ್ಲ ಸಿಟ್ಟಿದ್ದ ಮನುಷ್ಯ ಪ್ರತಿ ವರ್ಷ ಜುಲೈ ಬಂದಾಗ ಹಂಡೆಯ ತಳ ಕೆರೆಯುವುದನ್ನು ಮಾತ್ರ ನಿಲ್ಲಿಸಲಿಲ್ಲ. ಅವರು ಹೇಳಿದರು, ನಾನು ಮಾಡಿದೆ, ತಪ್ಪು ಅವರದು ಎಂದು ಲೆಕ್ಕ ಹಾಕಿಕೊಂಡು ಆರಾಮವಾಗಿ ಬೈದುಕೊಂಡಿದ್ದ.

ಈ ವರ್ಷ ಜುಲೈ ಮೊದಲ ವಾರ ದೀಪಿಕ ಬಂದಳು. ಬೆಸಗರಹಳ್ಳಿಯ ಹುಡುಗಿ, ಹೋದ ವರ್ಷ ಪಾಸಾದವಳು. ಆ ತರಗತಿಯಲ್ಲಿ ಇದ್ದ ಮೂವರು ಹುಡುಗಿಯರಲ್ಲಿ ಒಬ್ಬಳು, ಪ್ರಾಕ್ಟಿಕಲ್‌ನಲ್ಲಿ ಎಲ್ಲರಿಗಿಂತ ಮುಂದೆ. ಬೆಸಗರಹಳ್ಳಿಯಿಂದ ಮದ್ದೂರಿಗೆ ಒಂದು ಬಸ್ಸು, ಅಲ್ಲಿಂದ ಮಂಡ್ಯಕ್ಕೆ ಇನ್ನೊಂದು ಬಸ್ಸು ಹಿಡಿದು ಎರಡು ವರ್ಷ ಒಂದು ದಿನ ತಪ್ಪಿಸದೆ ಬಂದಿದ್ದಳು. ಆ ಸರ್ಟಿಫಿಕೇಟು ತೋರಿಸಿಯೇ ಭಾರತೀನಗರದಲ್ಲಿ ನಾಗಯ್ಯನ ವರ್ಕ್‌ಶಾಪಿಗೆ ಕೆಲಸಕ್ಕೆ ಸೇರಿದ್ದಳು. ಔಷಧಿ ಹೊಡೆಯುವ ಸ್ಪ್ರೇಯರು, ಕಳೆ ತೆಗೆಯುವ ವೀಡರು, ಪಂಪು, ಹೀಗೆ ಸಣ್ಣ ಇಂಜಿನ್ನುಗಳನ್ನೇ ರಿಪೇರಿ ಮಾಡುವ ಜಾಗ. ಸುತ್ತಲಿನ ಕಬ್ಬಿನವರೆಲ್ಲ ಬರುವುದು ಅಲ್ಲಿಗೆ.

ಅವಳು ಮೊದಲು ಶ್ರೀಕರನ ಕೋಣೆಗೆ ಹೋದಳು. ಐದು ನಿಮಿಷಕ್ಕೆ ಹೊರಬಂದಳು. ಒಳಗಿನಿಂದ ಅವನ ದನಿ ಮಾದಯ್ಯನಿಗೆ ಕೇಳಿಸಿತ್ತು: "ರೆಕಾರ್ಡ್ ಬುಕ್ ನೋಡಮ್ಮ, ನೀನೇ ಬರೆದಿದ್ದೀಯಲ್ಲ, ಎಲ್ಲಾ ಇದೆ." ಮೆಟ್ಟಿಲ ಮೇಲೆ ಕೂತಿದ್ದ ಮಾದಯ್ಯನ ಪಕ್ಕ ಅವಳು ಬಂದು ನಿಂತಳು.

"ಮಾದಯ್ಯಣ್ಣ, ಒಂದ್ ಮಾತ್ ಕೇಳ್ತೀನಿ, ನಗ್ಬ್ಯಾಡಿ. ನಮ್ ಇಂಜಿನ್ ಕಾರ್ಬನ್ನು ಒರುಸುದ್ರೆ ಬಂದ್ಬುಡ್ತಿತ್ತು. ದೊಡ್ಡೀಲಿ ಯಾಕ್ ಬರಕಿಲ್ಲ?"

ಭಾರತೀನಗರಕ್ಕೆ ಸುತ್ತಲಿನವರು ಅನ್ನುವುದು ಕೆ.ಎಂ. ದೊಡ್ಡಿ ಅಂತಲೇ. ಮಾದಯ್ಯ ಕೈಯಲ್ಲಿದ್ದ ಬೀಗದ ಗೊಂಚಲು ಕೆಳಗಿಟ್ಟ.

"ಏನಾಯ್ತು ಯೋಳವ್ವ."

"ನಾಗಯ್ಯಣ್ಣ ಒಂದ್ ವೀಡರ್ ಇಂಜಿನ್ ಕೊಟ್ಟು, ಕಾರ್ಬನ್ ತೆಗ್ದು ಕಟ್ಟು ಅಂದ್ರು. ಬಿಚ್ಚುದ್ರೆ ಪಿಸ್ಟನ್ ಮ್ಯಾಲೆ ಕಪ್ಪುಗೆ ಗಟ್ಟಿಗಿತ್ತು. ಸೀಮೆಎಣ್ಣೆ ಆಕಿ ಒರುಸ್ದೆ. ಒಸಿ ಬಂತು. ಮಿಕ್ಕಿದ್ದು ಬರ್ನಿಲ್ಲ. ಕಂಪ್ನಿಯೋರೇ ಬಳ್ದಿರೋ ಕಪ್ಪು ಬಣ್ಣ ಅಂದ್ಕಂಡು ಅಂಗೇ ಜೋಡುಸ್ಬುಟ್ಟೆ. ಕ್ಲೀನ್ ಆಯ್ತು ಅಂದೆ. ಮೂರ್ ದಿನುಕ್ಕೆ ಆ ಇಂಜಿನ್ ಗದ್ದೇಲಿ ಜಾಮಾಗಿ, ಗದ್ದೆಯೋರು ಒತ್ಕಂಡ್ ಬಂದು ಎಲ್ಲಾರ್ ಮುಂದ್ಲೂ ಬೋದ್ರು. ನಾಗಯ್ಯಣ್ಣ ಬಿಚ್ಚಿ ನೋಡಿ, 'ಏನಮ್ಮ, ಪಾತ್ರೆ ಒರ್ಸಕ್ ಬಂದಿದ್ಯಾ' ಅಂತ ಕೇಳುದ್ರು. ಈಗ ಸ್ಪಾನರ್ ಒರುಸ್ಕಂಡ್ ಇರು ಅಂದವ್ರೆ. ಸೋಮ್ವಾರ ಒಂದ್ ಇಂಜಿನ್ ಕೊಡ್ತಾರಂತೆ. ಮಾಡಿ ತೋರುಸ್ನಿಲ್ಲ ಅಂದ್ರೆ ಬರಂಗಿಲ್ಲ."

ಪಿಸ್ಟನ್ನಿನ ನೆತ್ತಿಗೆ ಕಂಪನಿಯವರು ಬಣ್ಣ ಬಳಿಯುತ್ತಾರೆ ಎಂದು ಅಂದುಕೊಳ್ಳುವವರು ಲೋಕದಲ್ಲಿ ಬೇರೆ ಎಲ್ಲೂ ಇರಲಾರರು. ಅಂಥವರು ಹುಟ್ಟುವುದು ಈ ಕಟ್ಟಡದ ಮಹಡಿಯಲ್ಲೇ. ಕಾರ್ಬನ್ ಅಂದರೆ ಒರೆಸಿದರೆ ಹೋಗುವುದು ಎಂದು ಕಲಿತವಳಿಗೆ, ಒರೆಸಿದರೂ ಹೋಗದ್ದು ಕಾರ್ಬನ್ ಹೇಗಾದೀತು? ಹುಡುಗಿ ಕಲಿತದ್ದನ್ನು ಕಲಿತ ಹಾಗೆಯೇ ಮಾಡಿದ್ದಾಳೆ.

"ನೀವ್ ಇಲ್ಲಿ ಒರುಸಿದ್ದು ಕಾರ್ಬನ್ ಅಲ್ಲ ಕಣವ್ವ" ಎಂದ ಮಾದಯ್ಯ. "ನಮ್ಮನೆ ಅಂಡೆ ಮಸಿ. ಅಳ್ಳೆಣ್ಣೇಲಿ ಕಲುಸಿ ನಾನೇ ಬಳೀತಿದ್ದೆ. ಇಂಜಿನ್ ಓಡ್ಸಂಗಿಲ್ವಲ್ಲ, ಅದ್ಕೆ."

ದೀಪಿಕ ಅವನ ಮುಖವನ್ನೇ ನೋಡಿದಳು. ತಮಾಷೆ ಮಾಡುತ್ತಿದ್ದಾನೋ ಎಂದು ಕಾಯುತ್ತಿದ್ದಳು ಅನಿಸುತ್ತದೆ.

"ನಿಜವಾದ್ದು ತೆಗ್ಯಕೆ ನಿಮ್ಗೆ ಬತ್ತದಾ?"

"ಬತ್ತದೆ."

"ಮತ್ತೆ?"

ಆ ಒಂದು ಮಾತಿಗೆ ಮಾದಯ್ಯನ ಬಾಯಿಗೆ ಎಷ್ಟೋ ಉತ್ತರ ಬಂದವು. ನಾನು ಅಟೆಂಡರು, ನನ್ನನ್ನು ಕೇಳುವವರು ಯಾರು, ತೋರಿಸಲು ಹೋದಾಗ ಹುಡುಗರೇ ನಕ್ಕರಲ್ಲ, ಸೂಪರಿಂಟೆಂಡೆಂಟ್ ಹೀಗೆ, ಶ್ರೀಕರ ಹಾಗೆ. ಎಲ್ಲವೂ ನಿಜವೇ. ಆದರೆ ಮಸಿ ಕಲಸಿದ ಬೆರಳು ಅವನದೇ. ಎಂಟು ವರ್ಷದಲ್ಲಿ ಮೊದಲ ಸಲ ಅವನ ಸಿಟ್ಟಿಗೆ ಅವನೇ ಸಿಕ್ಕಿಬಿದ್ದಿದ್ದ. ಅದು ಬಲು ಕೆಟ್ಟ ಸಂಕಟ.

"ಸನಿವಾರ ದುದ್ದಕ್ ಬಾ" ಎಂದ. "ಸೋಮ್ವಾರುಕ್ಕೆ ಎಲ್ಡು ದಿನ ಅದೆ."

ಶನಿವಾರ ಅವಳು ಮೂರು ಬಸ್ಸು ಬದಲಿಸಿ ಒಂಬತ್ತು ಗಂಟೆಗೆಲ್ಲ ಬಂದಿದ್ದಳು. ಮಾದಯ್ಯ ಪಕ್ಕದ ತೋಟದವರ ಪಂಪ್ ಇಂಜಿನ್ ತಂದು ಜಗಲಿಯ ಮೇಲೆ ಇಟ್ಟಿದ್ದ, ಮೂರು ವರ್ಷದಿಂದ ಯಾರೂ ಬಿಚ್ಚಿರದದ್ದು. ಹೆಡ್ ಎತ್ತಿದಾಗ ಅವಳು ಬಗ್ಗಿ ನೋಡಿದಳು. ಕಪ್ಪು ಹೆಪ್ಪುಗಟ್ಟಿ ಬಿರುಕು ಬಿಟ್ಟಿತ್ತು. ಹೊಗೆ ಹೋಗುವ ಕಿಂಡಿಯಲ್ಲಿ ಕಿರುಬೆರಳು ತೂರುವಷ್ಟೂ ಜಾಗವಿರಲಿಲ್ಲ. ಬಟ್ಟೆಯಲ್ಲಿ ಒರೆಸು ಎಂದ. ಒರೆಸಿದಳು, ಏನೂ ಬರಲಿಲ್ಲ. ಉಗುರಿನಿಂದ ಕೆರೆದು ನೋಡು ಎಂದ. ಉಗುರು ಸವೆಯಿತೇ ಹೊರತು ಕಪ್ಪು ಅಲ್ಲಾಡಲಿಲ್ಲ. "ಇದು ಕಣ್ ಮಗ ಕಾರ್ಬನ್ನು" ಎಂದ ಮಾದಯ್ಯ. ಎರಡು ವರ್ಷ ಓದಿ ಪಾಸಾದವಳಿಗೆ ಅದರ ಮುಖ ಗುರುತು ಹತ್ತಿದ್ದು ಆವತ್ತು.

ಬಿದಿರು ಸೀಳಿ ಚಕ್ಕೆ ಮಾಡುವುದರಿಂದ ಶುರುಮಾಡಿದ. ಮೊನೆ ತೀರಾ ಚೂಪಾದರೆ ಮುರಿಯುತ್ತದೆ, ಮೊಂಡಾದರೆ ಜಾರುತ್ತದೆ. ಗ್ರೀಸು ಬಳಿಯುವುದು, ಪದರ ಏಳುವವರೆಗೆ ಕಾಯುವುದು, ಪಿಸ್ಟನ್ನಿನ ಸುತ್ತ ರಿಂಗು ಕೂರುವ ತೋಡನ್ನು ಹಳೆಯ ಮುರಿದ ರಿಂಗಿನ ಚೂರಿನಿಂದಲೇ ಬಿಡಿಸುವುದು. ಮೊದಲ ದಿನ ಅವಳ ಕೈ ಎರಡು ಸಲ ಜಾರಿ ಚೂರುಗಳು ಒಳಕ್ಕೆ ಬಿದ್ದವು. ಎರಡು ಸಲವೂ ಎಲ್ಲ ಬಿಚ್ಚಿ ತೊಳೆಸಿದ. ಮಧ್ಯಾಹ್ನ ಚಿಕ್ಕಬೋರಮ್ಮ ಮುದ್ದೆ ಉಪ್ಸಾರು ಬಡಿಸಿ, ಹುಡುಗಿಯ ಬೆರಳು ನೋಡಿ, "ಇದೇನವ್ವ ಈ ಪಾಟಿ ಮಸಿ, ತೊಳ್ಕಂಡ್ರೆ ಓಯ್ತದಾ" ಎಂದು ಕೇಳಿದಳು. "ಓಗಕಿಲ್ಲ ಕಣಜ್ಜಿ, ಇದು ನಿಜವಾದ್ದು" ಎಂದಳು ದೀಪಿಕ. ಮಾದಯ್ಯ ತಟ್ಟೆಯಿಂದ ತಲೆ ಎತ್ತಲಿಲ್ಲ.

ಭಾನುವಾರ ಸಂಜೆಯ ಹೊತ್ತಿಗೆ ಅವಳು ಹೇಳಿಸಿಕೊಳ್ಳದೆ ಕೆಲಸ ಮುಗಿಸಿದಳು. ಪಿಸ್ಟನ್ನಿನ ಮೇಲೆ ಒಂದು ಗೀರಿಲ್ಲ. ಕಟ್ಟಿ ಹಗ್ಗ ಎಳೆದರೆ ಇಂಜಿನ್ ಎರಡನೇ ಎಳೆತಕ್ಕೇ ಹೊತ್ತಿತು. ಅವಳ ಕೈ ಒಳ್ಳೆಯ ಕೈ. ಇಷ್ಟು ಒಳ್ಳೆಯ ಕೈಗೆ ಎರಡು ವರ್ಷ ಬಟ್ಟೆ ಹಿಡಿಸಿದ್ದರಲ್ಲ ಎಂದು ಮಾದಯ್ಯನಿಗೆ ಹೊಟ್ಟೆ ಉರಿದುಹೋಯಿತು. ಹಿಡಿಸಿದ್ದರು ಅಂದುಕೊಂಡು, ಮರುಗಳಿಗೆ ಹಿಡಿಸಿದ್ದೆವು ಎಂದು ತಾನೇ ತಿದ್ದಿಕೊಂಡ.

ಸೋಮವಾರ ರಜೆ ಹಾಕಿ ಅವನೂ ಭಾರತೀನಗರಕ್ಕೆ ಹೋದ. ತಪ್ಪು ಹುಡುಗಿಯದಲ್ಲ ಎಂದು ನಾಗಯ್ಯನಿಗೆ ಎದುರು ನಿಂತು ಹೇಳಬೇಕೆಂಬುದು ಅವನ ಹಟ. ಹೋಗಿ ನೋಡಿದರೆ ದೀಪಿಕ ಕೂರುತ್ತಿದ್ದ ಜಾಗದಲ್ಲಿ ಯಾರೋ ಹೊಸಬನೊಬ್ಬ ಕೂತು ಕಾರ್ಬುರೇಟರ್ ಬಿಚ್ಚುತ್ತಿದ್ದಾನೆ. ನಾಗಯ್ಯ ಆದರೂ ಆಡಿದ ಮಾತಿಗೆ ತಪ್ಪಲಿಲ್ಲ, ಒಂದು ಸ್ಪ್ರೇಯರ್ ಇಂಜಿನ್ ತೆಗೆದು ಅವಳ ಮುಂದಿಟ್ಟ. ಅವಳು ಬ್ಯಾಗಿನಿಂದ ಬಿದಿರಿನ ಚಕ್ಕೆ ತೆಗೆದಾಗ ಅವನ ಹುಬ್ಬು ಮೇಲೇರಿತು. ಮುಗಿಯುವವರೆಗೂ ಅವನು ಬೇರೆ ಗಿರಾಕಿಗಳ ಜೊತೆ ಮಾತಾಡುತ್ತಲೇ ಒಂದು ಕಣ್ಣು ಇಲ್ಲಿಟ್ಟಿದ್ದ. ಮುಗಿದ ಮೇಲೆ ಬಂದು, ಕಿಂಡಿಯೊಳಗೆ ಬೆರಳು ತೂರಿಸಿ ತಿರುಗಿಸಿ, ಪಿಸ್ಟನ್ನನ್ನು ಬೆಳಕಿಗೆ ಹಿಡಿದು ನೋಡಿದ.

"ಕೆಲ್ಸ ಚೆಂದಾಗದೆ" ಎಂದ.

ಮಾದಯ್ಯ ಆಗ ಬಾಯಿ ಬಿಟ್ಟ. ಮಹಡಿಯ ಇಂಜಿನ್ನು, ಹೊಗೆ, ಹಂಡೆಯ ಮಸಿ, ಎಲ್ಲವನ್ನೂ ಒಂದೂ ಬಿಡದೆ ಹೇಳಿದ. ಹೊಸಬ ಕಾರ್ಬುರೇಟರ್ ಬಿಟ್ಟು ಇತ್ತಲೇ ನೋಡುತ್ತಿದ್ದ. ನಾಗಯ್ಯ ನಗಲಿಲ್ಲ. ಎಲ್ಲ ಕೇಳಿಕೊಂಡು, ಕೈ ಒರೆಸಿಕೊಂಡ.

"ನೋಡಿ ಯಜಮಾನ್ರೇ, ಇವ್ಳು ಕಲ್ತವ್ಳೆ, ಒಪ್ಕತೀನಿ. ಎಲ್ಡು ದಿನ್ದಲ್ಲಿ ಕಲ್ತವ್ಳೆ. ಎಲ್ಡು ವರ್ಸ ಅಲ್ಲಿ ಏನ್ ಮಾಡ್ತಿದ್ಲು ಅಂತ ನಾನ್ ಕೇಳ್ಬೇಕಾ ಬ್ಯಾಡ್ವಾ? ನಾನ್ ತಗಂಡಿದ್ದು ಇವ್ಳ ಮುಖ ನೋಡಿ ಅಲ್ಲ, ನಿಮ್ ಸರ್ಟಿಫಿಕೇಟ್ ನೋಡಿ. ಇನ್ನೂ ಏನೇನ್ ಕಲುಸಿದ್ದೀರೋ ಇಂಗೆ ಬಣ್ಣ ಬಳ್ದು, ನಂಗೆ ಎಂಗ್ ಗೊತ್ತಾಗ್ಬೇಕು? ಕಬ್ಬಿನ್ ಕೆಲ್ಸ ಸುರುವಾಗದೆ. ಒಂದೊಂದಾಗಿ ಕಂಡ್ ಇಡಿಯಕೆ ನಂಗೆ ಪುರ್ಸೊತ್ತಿಲ್ಲ. ಇವ್ನ್ ತಾವು ಯಾವ್ ಕಾಗ್ದಾನೂ ಇಲ್ಲ, ಗ್ಯಾರೇಜಲ್ಲೇ ಬೆಳ್ದವ್ನು. ಇವ್ನ್ನ ಸನಿವಾರ್ವೇ ಗೊತ್ತು ಮಾಡ್ಕಂಬುಟ್ಟೆ."

ಮಾಡಿ ತೋರಿಸು ಎಂದು ಗಡುವು ಕೊಟ್ಟು, ಗಡುವು ಮುಗಿಯುವ ಮುಂಚೆಯೇ ಬೇರೆಯವನನ್ನು ಕೂರಿಸಿದ್ದು ಅನ್ಯಾಯ, ಅದನ್ನು ಮಾದಯ್ಯ ಹೇಳಿಯೂ ಹೇಳಿದ. ಆದರೆ ನಾಗಯ್ಯನ ಮಾತಿನಲ್ಲಿ ಸುಳ್ಳು ಒಂದೂ ಇರಲಿಲ್ಲ. ಎರಡು ವರ್ಷ ಓದಿದ ಕಾಗದ ಏನೂ ಓದದವನ ಮುಂದೆ ಸೋತು ನಿಂತಿತ್ತು. ದೀಪಿಕ ಚಕ್ಕೆಗಳನ್ನು ಒರೆಸಿ ಬ್ಯಾಗಿಗೆ ಹಾಕಿಕೊಂಡಳು. ಇಬ್ಬರೂ ಬಸ್‌ಸ್ಟ್ಯಾಂಡಿಗೆ ನಡೆದರು. ಮದ್ದೂರಿನ ಬಸ್ಸು ಬಂದಾಗ ಅವಳು ಮೆಟ್ಟಿಲ ಮೇಲೆ ಕಾಲಿಟ್ಟು ತಿರುಗಿ, "ಈ ವರ್ಸದೋರ್ಗೂ ಬಳೀತೀರಾ ಮಾದಯ್ಯಣ್ಣ?" ಎಂದು ಕೇಳಿದಳು. ಉತ್ತರಕ್ಕೆ ಕಾಯದೆ ಒಳಗೆ ಹೋದಳು.

ಈಗ ಅವಳು ಬೆಳಿಗ್ಗೆ ಏಳಕ್ಕೆ ಗಾರ್ಮೆಂಟ್ಸ್ ಬಸ್ಸು ಹತ್ತುತ್ತಾಳೆ. ಅಂಗಿಗಳಿಗೆ ಕಾಲರ್ ಕೂರಿಸುತ್ತಾಳಂತೆ. ಗಾರ್ಮೆಂಟ್ಸ್ ಕೆಲಸ ಕೀಳೆಂದಲ್ಲ. ಬೆಸಗರಹಳ್ಳಿಯ ಅರ್ಧ ಊರು ಅದರಿಂದಲೇ ಉಣ್ಣುತ್ತದೆ. ಆದರೆ ಆ ಕೈ ಬೇರೆಯದಕ್ಕೆ ಹುಟ್ಟಿದ್ದು, ಅದನ್ನು ಕಂಡವನು ಮಾದಯ್ಯ.

ಪರೀಕ್ಷೆಗೆ ಎರಡು ದಿನ ಇತ್ತು. ಶ್ರೀಕರ ಮೆಟ್ಟಿಲ ಬಳಿ ನಿಂತು ಎಂದಿನಂತೆ, "ಮಾದಯ್ಯ, ಕಾಡಿಗೆ" ಎಂದ.

"ಆಗಕ್ಕಿಲ್ಲ ಸಾ."

"ಹಂಡೆ ತೊಳೆದುಬಿಟ್ರಾ?" ಶ್ರೀಕರ ನಗುತ್ತಲೇ ಕೇಳಿದ.

"ಅಂಡೆ ಅಂಗೇ ಅದೆ. ನಾನ್ ಬಳಿಯಕ್ಕಿಲ್ಲ." ದೀಪಿಕಳ ಸಂಗತಿ ಹೇಳಿದ. ಹೇಳುತ್ತಾ ಹೇಳುತ್ತಾ ದನಿ ಏರಿತು. ಕೆಳಗೆ ಆಫೀಸಿನವರಿಗೂ ಕೇಳಿಸುವಷ್ಟು ಏರಿತು. "ಇಪ್ಪತ್ತೆಲ್ಡು ಜನ ಅವ್ರೆ ಸಾ ಈ ವರ್ಸ. ಅವ್ರ ಕೈಗೆ ಬಟ್ಟೆ ಕೊಟ್ಟು ಕಳ್ಸಬ್ಯಾಡಿ. ಇಂಜಿನ್ ಕೆಳಿಕ್ ಇಳ್ಸಿ, ನಾನೇ ಓಡುಸ್ತೀನಿ, ನಾನೇ ತೋರುಸ್ತೀನಿ. ಪರೀಕ್ಸೆ ಒಸಿ ಮುಂದಕ್ಕಾಕ್ಸಿ."

ಶ್ರೀಕರನ ನಗು ಆರಿಹೋಯಿತು. ಮೆಟ್ಟಿಲ ಕಟಕಟೆ ಹಿಡಿದುಕೊಂಡು, "ನನಗೂ ಯಾರೂ ತೋರಿಸಿಲ್ಲ ಮಾದಯ್ಯ" ಎಂದ. "ನಾನು ಓದಿದ ಕಡೆಯೂ ಇಂಜಿನ್ ಓಡಿದ್ದು ನೋಡಿಲ್ಲ. ಇದನ್ನ ಹೋಗಿ ಸೂಪರಿಂಟೆಂಡೆಂಟ್ ಹತ್ರ ಹೇಳಿದ್ರೆ ಮುಂದಿನ ವರ್ಷ ನನ್ನ ಆರ್ಡರೇ ಬರಲ್ಲ." ಅವನನ್ನು ಕಂಡು ಮಾದಯ್ಯನಿಗೆ ಮರುಕ ಹುಟ್ಟಿತು. ಮರುಕ ಬೇರೆ, ಮಸಿ ಬೇರೆ. ಅವನು ಬಳಿಯಲಿಲ್ಲ.

ಪರೀಕ್ಷೆಯ ದಿನ ಹುಡುಗರು ಹೆಡ್ ಎತ್ತಿದರು. ಕಿಟಕಿಯ ಬಿಸಿಲು ಬಿದ್ದು ಪಿಸ್ಟನ್ ಕನ್ನಡಿಯಾಗಿತ್ತು. ಕೈಯಲ್ಲಿ ಸೀಮೆಎಣ್ಣೆ ಬಟ್ಟೆ ಹಿಡಿದ ಹುಡುಗನೊಬ್ಬ, "ಸಾರ್, ಕಾರ್ಬನ್ ಎಲ್ಲಿ?" ಎಂದು ಕೇಳಿದ. ಪರೀಕ್ಷಕರು ಶ್ರೀಕರನನ್ನು ನೋಡಿದರು. ಶ್ರೀಕರ ಮಾದಯ್ಯನನ್ನು ನೋಡಿದ.

"ಇಂಜಿನ್ ಓಡಿ ಒಂಬತ್ ವರ್ಸ ಆಯ್ತು ಸಾ" ಎಂದ ಮಾದಯ್ಯ. "ಓಡ್ದಿದ್ ಇಂಜಿನ್ಗೆ ಎಲ್ಲಿಂದ್ ಬರ್ಬೇಕು."

ಪರೀಕ್ಷಕರು ಗಡಿಯಾರ ನೋಡಿಕೊಂಡರು. ಇನ್ನೂ ಎರಡು ಐಟಿಐ ಮುಗಿಸಬೇಕಿತ್ತಂತೆ. ಕಾರ್ಬನ್ ತೆಗೆಯುವ ಕ್ರಮವನ್ನು ಬರೆದು ತೋರಿಸಿ ಎಂದರು, ಹುಡುಗರು ಬರೆದರು, ಎಲ್ಲರೂ ಪಾಸಾದರು. ಇಲ್ಲದ ಕಾರ್ಬನ್ನನ್ನು ಇಲ್ಲದ ಚಕ್ಕೆಯಿಂದ ತೆಗೆದದ್ದಕ್ಕೆ ಮಾರ್ಕ್ಸ್. ಇದನ್ನು ಕಂಡು ಸುಮ್ಮನಿರುವವರ ಮೈಯಲ್ಲಿ ರಕ್ತ ಹರಿಯುತ್ತಿದೆಯೋ ನೀರು ಹರಿಯುತ್ತಿದೆಯೋ ದೇವರಿಗೇ ಗೊತ್ತು.

ಮೂರನೇ ದಿನ ಮಾದಯ್ಯನಿಗೆ ಮೆಮೋ ಬಂತು. ಇಪ್ಪತ್ತೊಂಬತ್ತು ವರ್ಷದ ನೌಕರಿಯಲ್ಲಿ ಮೊದಲನೆಯದು. 'ಸದರಿ ಪ್ರಾಯೋಗಿಕ ಪರೀಕ್ಷೆಗೆ ಅವಶ್ಯವಿದ್ದ ಕಾರ್ಬನ್ನನ್ನು ಇಂಜಿನ್ನಿಗೆ ಒದಗಿಸದೆ ತಾವು ಕರ್ತವ್ಯಲೋಪ ಎಸಗಿರುವುದು ಕಂಡುಬಂದಿರುತ್ತದೆ. ಈ ಬಗ್ಗೆ ಮೂರು ದಿನಗಳೊಳಗಾಗಿ ಲಿಖಿತ ಸಮಜಾಯಿಷಿ ಸಲ್ಲಿಸತಕ್ಕದ್ದು.' ಕೆಳಗೆ ಸೂಪರಿಂಟೆಂಡೆಂಟರ ರುಜು, ಮೊಹರು. ಅಂದರೆ ಎಂಟು ವರ್ಷ ಅವರಿಗೆ ಎಲ್ಲ ಗೊತ್ತಿತ್ತು. ಗೊತ್ತಿಲ್ಲದಿದ್ದರೆ ಕಾರ್ಬನ್ ಒದಗಿಸುವುದು ಅಟೆಂಡರನ ಕರ್ತವ್ಯ ಎಂದು ಯಾವನು ಬರೆಯುತ್ತಾನೆ?

ಚಿಕ್ಕಬೋರಮ್ಮ ಹೆದರಿದಳು. "ಇನ್ನೆಲ್ಡು ವರ್ಸ ಅದೆ ನಿಮ್ಗೆ. ತಪ್ಪಾಯ್ತು ಅಂತ ಬರ್ದು ಕೊಟ್ಬುಡಿ, ಏನ್ ಓಯ್ತದೆ" ಎಂದಳು.

"ಅಂಗೇ ಬರೀತೀನಿ" ಎಂದ ಮಾದಯ್ಯ.

ಜಗಲಿಯ ಮೇಲೆ ಕೂತು, ಅಕ್ಷರ ವಕ್ರವಾದರೂ ಚಿತ್ತಿಲ್ಲದಂತೆ, ಒಂದೇ ಹಾಳೆಯಲ್ಲಿ ಬರೆದ. ಬರೆದದ್ದು ಇಷ್ಟು:

'ಮಾನ್ಯರೆ, ಈ ವರ್ಷ ನಾನು ಕಾರ್ಬನ್ ಒದಗಿಸಲಿಲ್ಲ ಎಂಬುದು ನಿಜ. ಅದು ತಪ್ಪಲ್ಲ. ಇದಕ್ಕೆ ಮುಂಚೆ ಎಂಟು ವರ್ಷ ಒದಗಿಸಿದ್ದೇನೆ. ಅದನ್ನು ಒರೆಸಿ ಪಾಸಾದ ಮಕ್ಕಳು ನೂರ ಎಪ್ಪತ್ತಾರು ಜನ. ಆ ತಪ್ಪು ನಾನು ಮಾಡಿದ್ದೇನೆ, ಒಪ್ಪಿಕೊಂಡಿದ್ದೇನೆ. ಅದಕ್ಕೆ ಇದುವರೆಗೆ ನನಗೆ ಮೆಮೋ ಬಂದಿಲ್ಲ. ದಯವಿಟ್ಟು ಕೊಡಬೇಕು.'